ಸೊನ್ನೆ ಬಂದ ಗೇಟು

“ಆಸ್ಪತ್ರೆ ಗೇಟಿನ ಹತ್ತಿರ ಬಸ್ಸಿಗೆ ಕಾಯೋರು ಯಾರೂ ಇಲ್ಲಮ್ಮ,” ಎಂದು ಸಾರಿಗೆ ಕಚೇರಿಯ ಸಾಹೇಬರು, ಅಕ್ಕನ ಪರವಾಗಿ ಬಂದಿದ್ದ ತಂಗಿಯ ಕಡೆಗೆ ಕಂಪ್ಯೂಟರ್ ಪರದೆ ತಿರುಗಿಸಿದರು. “ನೋಡಿ, ಸೊನ್ನೆ.”

“ಸ್ಟಾಪೇ ಕಿತ್ತು ಹಾಕಿದ್ದೀರಲ್ಲ ಸಾರ್. ಸ್ಟಾಪಿಲ್ಲದ ಕಡೆ ಯಾರು ಕಾಯ್ತಾರೆ?”

“ಕಾಯೋರಿಲ್ಲದ ಕಡೆ ಸ್ಟಾಪ್ ಹೇಗೆ ಕೊಡೋದು?”

ಬಾವಿ ಮುಚ್ಚಿಸಿ, ಆಮೇಲೆ ಅಲ್ಲಿ ಒಂದೂ ಬಿಂದಿಗೆ ಕಾಣಲಿಲ್ಲ, ಆದ್ದರಿಂದ ಊರಿಗೆ ಬಾಯಾರಿಕೆಯೇ ಇಲ್ಲ ಅಂದ ಹಾಗಿತ್ತು. ತಂಗಿ ಹಲ್ಲು ಕಚ್ಚಿದಳು. ರಸ್ತೆ ಅಗಲ ಮಾಡಿದ ಮೇಲೆ ಬಸ್ಸುಗಳು ಗೇಟಿನ ಮುಂದೆಯೇ ಹಾದು ದೊಡ್ಡ ವೃತ್ತದಲ್ಲಿ ಹೋಗಿ ನಿಲ್ಲುತ್ತಿದ್ದವು. ಡಯಾಲಿಸಿಸ್‌ಗೆ ಬರುವ ಅಕ್ಕ ಅಲ್ಲಿಂದ ಲಾರಿಗಳ ಪಕ್ಕದಲ್ಲಿ, ಗೋಡೆ ಹಿಡಿದುಕೊಂಡು ವಾಪಸ್ಸು ನಡೆಯಬೇಕು. ಹೋದ ವಾರ ಅರ್ಧ ದಾರಿಯಲ್ಲಿ ಕುಸಿದು ಕೂತವಳು, “ಸಾಕು ಕಣೇ. ಇನ್ನು ನಾನು ಬರಲ್ಲ. ಇದ್ದಷ್ಟು ದಿನ ಮನೇಲೇ ಇರ್ತೀನಿ” ಎಂದುಬಿಟ್ಟಿದ್ದಳು. ಆ ‘ಇದ್ದಷ್ಟು ದಿನ’ ಎಷ್ಟು ಸಣ್ಣದೆಂದು, ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ತಂಗಿಗೆ ಗೊತ್ತಿತ್ತು. ಚಿಕಿತ್ಸೆ ಬಿಟ್ಟವರು ಕೊನೆಗೆ ಮಲಗಿದ ಹಾಸಿಗೆಯ ಹೊದಿಕೆ ಅವಳ ಕೈಗೇ ಬರುತ್ತಿತ್ತು.

“ಇದು ನನ್ನ ಮಾತಲ್ಲಮ್ಮ, ಇಲಾಖೆ ನೀತಿ.” ಸಾಹೇಬರು ಗೋಡೆ ತೋರಿಸಿದರು. ಅಲ್ಲಿ ತೂಗುಹಾಕಿದ್ದ ಚಿತ್ರಪಟದಲ್ಲಿ ಬಣ್ಣದ ಬಾಣಗಳು ಒಂದರ ಬಾಲವನ್ನೊಂದು ಕಚ್ಚಿಕೊಂಡು ದುಂಡಗೆ ಸುತ್ತುತ್ತಿದ್ದವು. “ಮೊದಲು ಸಮಸ್ಯೆ ಗುರುತಿಸ್ತೀವಿ, ಆಯ್ಕೆಗಳನ್ನ ತೂಗ್ತೀವಿ, ತೀರ್ಮಾನ ತಗೋತೀವಿ, ಜಾರಿ ಮಾಡ್ತೀವಿ, ಪರಿಶೀಲಿಸ್ತೀವಿ. ಮತ್ತೆ ಮೊದಲಿಂದ.”

“ಇದರೊಳಗೆ ಹೋಗೋಕೆ ಬಾಗಿಲೆಲ್ಲಿದೆ ಸಾರ್?”

ನಗಬೇಕೋ ಬೇಡವೋ ತಿಳಿಯದೆ ಸಾಹೇಬರು ಕನ್ನಡಕ ಒರೆಸಿದರು. “ಬುಧವಾರ ನಿಮ್ಮ ರಸ್ತೆಯಲ್ಲಿ ಮತ್ತೆ ಎಣಿಕೆ ಇದೆ. ಈ ಸಲವೂ ಸೊನ್ನೆ ಬಂತೋ, ವಿಷಯ ಮುಗಿದ ಹಾಗೆ.”

ಬುಧವಾರ ಬೆಳಿಗ್ಗೆ ತಂಗಿ ಬಟ್ಟೆ ಸಾಗಿಸುವ ತಳ್ಳುಗಾಡಿಯನ್ನೇ ವೃತ್ತದವರೆಗೆ ಉರುಳಿಸಿಕೊಂಡು ಹೋಗಿ, ಬಸ್ಸಿಳಿದ ಅಕ್ಕನನ್ನು ಅದರಲ್ಲಿ ಕೂರಿಸಿಕೊಂಡಳು.

“ಕೊಳೆ ಬಟ್ಟೆ ಜೊತೆ ನನ್ನನ್ನೂ ಒಗೀತೀಯೇನೇ?”

“ಒಗೆದರೂ ನಿನ್ನ ಹಟ ಬಿಡಲ್ಲ, ಸುಮ್ನೆ ಕೂತ್ಕೊ. ಇವತ್ತು ಸೂಜಿ ಗೀಜಿ ಏನಿಲ್ಲ. ಲೆಕ್ಕಕ್ಕೆ ಸಿಕ್ಕಿದ್ರೆ ಸಾಕು.”

ಗೇಟಿನ ಮುಂದೆ ಆಗಲೇ ಜನ ಸೇರಿದ್ದರು. ಒಗೆಯುವ ವಿಭಾಗದ ಹೆಂಗಸರು, ಕೈಗೆ ಪಟ್ಟಿ ಸುತ್ತಿಕೊಂಡವರು, ಫ್ಲಾಸ್ಕು ಹಿಡಿದ ಮನೆಯವರು, ಎಲ್ಲರನ್ನೂ ತಂಗಿಯೇ ಕಾಡಿ ಬೇಡಿ ನಿಲ್ಲಿಸಿದ್ದಳು. ಅಕ್ಕನಿಗೆ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ರಸ್ತೆಯ ಆಚೆ ಎಣಿಕೆಯವನು ಕೊಡೆ ಬಿಡಿಸಿ, ಗುಂಡಿ ಒತ್ತಿದರೆ ಅಂಕಿ ಏರುವ ಪುಟ್ಟ ಯಂತ್ರ ಹಿಡಿದು ಕೂತಿದ್ದ. ಒಂದು ಬಸ್ಸು ಎಲ್ಲರ ಮುಖಕ್ಕೂ ಧೂಳೆರಚಿ ಹೋಯಿತು. ಇನ್ನೊಂದೂ ಹೋಯಿತು. ತಂಗಿ ರಸ್ತೆ ದಾಟಿದಳು.

“ಎಷ್ಟಾಯ್ತಣ್ಣ?”

“ಸೊನ್ನೆ.”

“ಕಣ್ಣು ಮನೇಲಿಟ್ಟು ಬಂದ್ಯಾ? ಇಷ್ಟು ಜನ ನಿಂತಿದ್ದೀವಿ!”

“ನಿಂತವರನ್ನ ಎಣಿಸೋ ಹಾಗಿಲ್ಲಮ್ಮ. ಹತ್ತಿದವರು, ಇಳಿದವರು, ಅಷ್ಟೇ.”

“ಸಾಹೇಬರು ಕಾಯೋರು ಅಂದ್ರಲ್ಲ?”

“ಅವರ ಪರದೆ ಮೇಲೆ ಹಾಗೆ ಬರುತ್ತೆ. ನನಗೆ ಹೇಳಿರೋದು ಇದು.”

“ಬಸ್ಸೇ ನಿಲ್ಲದಿದ್ರೆ ಹತ್ತೋದು ಹೇಗಣ್ಣ?”

“ಅದನ್ನ ಇವತ್ತಿನವರೆಗೂ ಯಾರೂ ಕೇಳಿಲ್ಲ,” ಎಂದ ಅವನು, ಪಾಪ, ನಿಜವನ್ನೇ.

ತಂಗಿ ಕೆಂಡವಾಗಿ ವಾಪಸ್ಸು ಬಂದು ವಿಷಯ ಹೇಳಿದಳು. ಜನ ಮುಖ ಮುಖ ನೋಡಿಕೊಂಡು ಒಬ್ಬೊಬ್ಬರೇ ಕದಲತೊಡಗಿದರು. ಆಗ ಅಕ್ಕ ಎದ್ದಳು. ಇನ್ನು ಬರುವುದೇ ಇಲ್ಲ ಅಂದಿದ್ದ ಅಕ್ಕ, ಕುರ್ಚಿಯನ್ನು ಎಳೆದುಕೊಂಡು ರಸ್ತೆಗೆ ಇಳಿದಳು. “ಅಕ್ಕಾ!” ಎಂದು ತಂಗಿ ಕಿರುಚುವಷ್ಟರಲ್ಲಿ, ಬರುತ್ತಿದ್ದ ಬಸ್ಸಿಗೆ ಎದುರಾಗಿ ಕುರ್ಚಿ ಹಾಕಿ, ಸೆರಗು ಸರಿಮಾಡಿಕೊಂಡು ಕೂತೇಬಿಟ್ಟಳು.

ಬ್ರೇಕು ಕಿರ್ರೆಂದಿತು. ಚಾಲಕ ಕಿಟಕಿಯಿಂದ ಅರ್ಧ ಹೊರಗೆ ಬಂದ. “ಸಾಯೋಕೆ ನನ್ನ ಬಸ್ಸೇ ಬೇಕಿತ್ತೇನಮ್ಮಾ?”

“ಸಾಯೋಕಾದ್ರೆ ಮನೇಲೇ ಆರಾಮಾಗಿ ಸಾಯ್ತಿದ್ದೆ ಕಣಪ್ಪಾ. ಬಸ್ಸಿಗೆ ಕಾಯ್ತಿದ್ದೀನಿ. ನಿಲ್ಲೋಕೆ ಕಾಲಲ್ಲಿ ಶಕ್ತಿ ಇಲ್ಲ, ಕೂತೆ.”

“ಇಲ್ಲಿ ಸ್ಟಾಪಿಲ್ಲ!”

“ಈಗ ನಿಲ್ಲಿಸಿದ್ದೀಯಲ್ಲ. ಬಾಗಿಲು ತೆಗಿ.”

ಹಿಂದೆ ಹಾರನ್ನುಗಳು ಒಂದೇ ಸಮನೆ ಬೊಬ್ಬೆ ಹಾಕಿದವು. ಚಾಲಕ ಅಕ್ಕನನ್ನು ನೋಡಿದ, ಅವಳ ಊದಿದ ಪಾದಗಳನ್ನು ನೋಡಿದ, ಏನೋ ಗೊಣಗಿ ಬಾಗಿಲು ತೆಗೆದ. ಒಳಗಿಂದ ಮಗು ಎತ್ತಿಕೊಂಡ ಹೆಂಗಸೊಬ್ಬಳು, ಊರುಗೋಲಿನ ಮುದುಕನೊಬ್ಬ, ಇನ್ನೂ ಯಾರ್ಯಾರೋ ನಂಬಲಾರದೆ ಇಳಿದರು. ಕೆಳಗಿದ್ದವರು ನುಗ್ಗಿದರು. ರಸ್ತೆಯ ಆಚೆ ಎಣಿಕೆಯವನು ಕೊಡೆ ಬಿಸುಟು ಎದ್ದು ನಿಂತು ಗುಂಡಿ ಒತ್ತುತ್ತಲೇ ಇದ್ದ.

ತಂಗಿ ಓಡಿ ಬಂದು ಅಕ್ಕನ ತೋಳು ಹಿಡಿದಳು. “ಏಳೇ, ಹತ್ತು. ಮನೆಗೆ ಹೋಗು.”

“ನಾನು ಹತ್ತಿಬಿಟ್ರೆ ಮುಂದಿನ ಬಸ್ಸು ಯಾರು ನಿಲ್ಲಿಸ್ತಾರೆ, ನಿನ್ನ ಸಾಹೇಬನಾ?” ಅಕ್ಕ ಕುರ್ಚಿಯನ್ನು ರಸ್ತೆಯ ಅಂಚಿಗೆ ಸರಿಸಿಕೊಂಡು ಮತ್ತೆ ಕೂತಳು. ಆ ಬಸ್ಸು ಹೊರಟಿತು. ಎದುರಿನಿಂದ ಬಂದ ಬಸ್ಸಿನವನಿಗೆ ಅದರ ಚಾಲಕ ಕೈ ಹೊರಗೆ ಚಾಚಿ, “ದಾರೀಲಿ ಸಿಕ್ಕೋ ಬಸ್ಸಿನವರಿಗೆಲ್ಲ ಹೇಳು, ಗೇಟಿನ ಹತ್ತಿರ ನಿಲ್ಲಿಸ್ಬೇಕಂತೆ!” ಎಂದು ಕೂಗಿ ಹೇಳಿದ.

ತಿರುವಿನಲ್ಲಿ ಇನ್ನೊಂದು ಬಸ್ಸು ಕಾಣಿಸಿತು. ಅಕ್ಕ ಎದ್ದು ಕುರ್ಚಿಗೆ ಕೈ ಹಾಕಿದಳು. ಕುರ್ಚಿಯ ಕಾಲು ಇನ್ನೂ ನೆಲ ಬಿಟ್ಟಿರಲಿಲ್ಲ, ಬಸ್ಸು ಆಗಲೇ ವೇಗ ತಗ್ಗಿಸಿ ಗೇಟಿನ ಬದಿಗೆ ವಾಲತೊಡಗಿತ್ತು.