ಮರಳಿನ ಮೂಟೆ

ಹಳೇ ವ್ಯಾನ್ ಕೊಳ್ಳುವಾಗ ಮೊದಲು ಹಿಂದಿನ ಚಕ್ರದ ಬಳಿ ಬಗ್ಗಿ ಭಾರ ಹೊರುವ ಸ್ಪ್ರಿಂಗ್ ಪ್ಲೇಟುಗಳನ್ನು ಎಣಿಸಿ, ಬೆಲೆ ಆಮೇಲೆ ಮಾತಾಡಿ; ಅಲ್ಲಿನ ಗ್ರೀಸಿನ ವಾಸನೆಗೆ ನನಗೆ ಇಂದಿಗೂ ಕೆಂಪಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ತರಕಾರಿ ಜಾಸ್ತಿ ಹೇರಲೆಂದು ಅಪ್ಪ ನಮ್ಮ ವ್ಯಾನಿಗೆ ಎರಡು ಪ್ಲೇಟು ಹೆಚ್ಚಿಗೆ ಹಾಕಿಸಿ ಸ್ಪ್ರಿಂಗ್ ಗಡುಸು ಮಾಡಿಸಿದ್ದರು.

"ಲೋಡ್ ಇದ್ರೆ ಸರಿ ಕಣ್ಲಾ. ಖಾಲಿ ಇದ್ರೆ ತಿರುವ್ನಾಗೆ ಇಂದ್ಗಡೆ ಎಗರಿ ಜಾರ್ತದೆ," ಎಂದು ತಾತ ಅಪ್ಪನಿಗೆ ಹೇಳಿ ಖಾಲಿ ವ್ಯಾನಿನಲ್ಲಿ ಸದಾ ಮರಳಿನ ಮೂಟೆ ಇಡಿಸುತ್ತಿದ್ದರು.

ಅಂದು ಆ ಮರಳನ್ನೆಲ್ಲ ನಾನು ಆಟಕ್ಕೆಂದು ಹಿತ್ತಲಿಗೆ ಸುರಿದಿದ್ದೆ. ಮಧ್ಯಾಹ್ನ ಅಪ್ಪ ನೋಡದೆ ಖಾಲಿ ವ್ಯಾನಿನಲ್ಲಿ ಹೊರಟರು. ಕೆಂಪಾಪುರದ ಗುಂಡಿ ಬಿದ್ದ ತಿರುವಿನಲ್ಲಿ ವ್ಯಾನ್ ಜಾರಿ ಮರಕ್ಕೆ ಗುದ್ದಿತು.

ಸಂಜೆ ಮುರಿದ ಕಾಲಿಗೆ ಕಟ್ಟು ಹಾಕಿಸಿಕೊಂಡು ಬಂದ ಅಪ್ಪ, "ಮೂಟೆ ಯಾರು ತೆಗ್ದಿದ್ದು?" ಎಂದರು.

ತಾತ ನನ್ನ ಲಂಗದ ಅಂಚಿನ ಮರಳನ್ನು ಮೆಲ್ಲನೆ ಕೊಡವಿದರು.

"ನಾನೇ ಕಣ್ಲಾ."