ಮಂತ್ರಿಗಳು ಬೇಡವೆಂದ ಕಾಫಿ

ಬಚ್ಚಲೊಲೆಯ ಹೊಗೆ ಎಲ್ಲೇ ಮೂಗಿಗೆ ಬಡಿದರೂ ನನಗೆ ಆ ಕೇಂದ್ರ ಮಂತ್ರಿಯ ನೆನಪಾಗುತ್ತದೆ.

ತೊಂಬತ್ತರ ದಶಕದ ಒಂದು ಚುನಾವಣೆ. ನಾನು ಹುಟ್ಟುವ ಮೊದಲೇ ಗೆದ್ದು ದೆಹಲಿಗೆ ಹೋಗಿದ್ದ ಆಕೆ ಪ್ರಚಾರಕ್ಕೆಂದು ಸಂಸೆಯ ನಮ್ಮ ಮನೆಗೆ ಬಂದರು. ಜಗಲಿಯ ತುಂಬ ಗಂಡಸರು. ಅಜ್ಜ ನಮ್ಮದೇ ತೋಟದ ಕಾಫಿಯನ್ನು ಬೆಳ್ಳಿ ಲೋಟದಲ್ಲಿ ತರಿಸಿ ತಾವೇ ಮುಂದಿಟ್ಟರು.

"ಬೇಡ, ಈಗಷ್ಟೇ ಆಯ್ತು" ಎಂದರು ಮಂತ್ರಿ. ನೀರೂ ಬೇಡವೆಂದರು.

ಅಜ್ಜನ ಮುಖ ಸಣ್ಣದಾಯಿತು. "ದೊಡ್ಡೋರಿಗೆ ನಮ್ಮನೆ ಕಾಫಿ ಎಲ್ಲಿ ರುಚಿಸುತ್ತೆ ಮಾರಾಯ" ಎಂದು ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

ಅಮ್ಮ ಅಷ್ಟು ಗಂಡಸರೆದುರು ಜಗಲಿಗೆ ಬಂದವಳೇ ಅಲ್ಲ. ಅವತ್ತು ಬಾಗಿಲ ಹಿಂದಿನಿಂದ ನೇರ ಬಂದು, "ಅಕ್ಕಾ, ಒಳಗೆ ಬನ್ನಿ. ಬಿಸಿನೀರು ಕಾದಿದೆ, ಮುಖ ತೊಳ್ಕೊಳ್ಳಿ" ಎಂದಳು.

ಬಚ್ಚಲು ದಾಟಿ ಹಿತ್ತಲ ಪಾಯಿಖಾನೆ ತೋರಿಸಿದಳು. ಹಿಂದೆಯೇ ಬಂದ ಪಕ್ಷದವರನ್ನು, "ಈ ಕಡೆ ಯಾರೂ ಬರ್ಬೇಡಿ" ಎಂದು ತಡೆದು, ಸೌದೆ ರಾಶಿಯ ಪಕ್ಕ ಕಾವಲು ನಿಂತಳು.

ಆಮೇಲೆ ಮಂತ್ರಿ ಅಡುಗೆಮನೆಯ ಮಣೆಯ ಮೇಲೆ ಕೂತು, ಮೊದಲು ಒಂದು ಚೊಂಬು ನೀರು ಗಟಗಟ ಕುಡಿದರು. ಹಿಂದೆಯೇ ಎರಡು ಲೋಟ ಕಾಫಿ.

"ಬೆಳಗಿನಿಂದ ಏನೂ ಕುಡ್ದಿಲ್ವಾ?" ಎಂದಳು ಅಮ್ಮ.

"ಊರೂರು ತಿರುಗೋ ದಿನ ಕುಡಿಯಲ್ಲ ತಂಗಿ. ಮೊದಲನೇ ಚುನಾವಣೆಯಿಂದ್ಲೂ ಹಾಗೇ."

ಕಾರುಗಳು ಹೋದ ಮೇಲೆ ಅಜ್ಜ ಅಡುಗೆಮನೆಯಲ್ಲಿದ್ದ ಖಾಲಿ ಲೋಟ ನೋಡಿ ಹಿಗ್ಗಿದರು. "ನಮ್ಮ ಕಾಫಿ ಪರಿಮಳಕ್ಕೆ ಮಂತ್ರಿಗಳೂ ಸೋತ್ರು, ನೋಡು!"

ಅಮ್ಮ "ಹೂಂ" ಎಂದು, ಬಚ್ಚಲೊಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು.