ಅರಿಶಿನದ ಅಡಿಯಲ್ಲಿ

ಅಣ್ಣನ ಮಗಳನ್ನೇ ಸೊಸೆಯಾಗಿ ತಂದುಕೊಂಡಿದ್ದ ಚಿಕ್ಕತಾಯಮ್ಮ, ಅವಳ ಕಳ್ಳಾಟ ಬಯಲು ಮಾಡಿಸಲೆಂದೇ ಡಾಕ್ಟರ ಹತ್ತಿರ ಎಳೆದುಕೊಂಡು ಬಂದಿದ್ದರು. ಎಂದಿನಂತೆ ತಮ್ಮ ಮುಖಕ್ಕೆ ಗಟ್ಟಿಯಾಗಿ ಅರಿಶಿನ ಬಳಿದುಕೊಂಡಿದ್ದರು.

"ಬೆಳಗ್ಗೆ ಎದ್ರೆ ಬೆರಳು ಮಡಚೋಕಾಗಲ್ವಂತೆ. ಬಿಸಿಲಿಗೆ ಹೋದ್ರೆ ಕೆನ್ನೆ ಕೆಂಪಾಗುತ್ತಂತೆ. ಸದಾ ಸುಸ್ತಂತೆ. ಬರೀ ನಾಟಕ ಡಾಕ್ಟ್ರೇ!"

ಡಾಕ್ಟರು ಸೊಸೆಯ ರಕ್ತಪರೀಕ್ಷೆಯ ವರದಿ ನೋಡಿದರು. "ನಾಟಕ ಅಲ್ಲಮ್ಮ, ಲೂಪಸ್. ರೋಗ ಬರದ ಹಾಗೆ ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಸ್ವಂತ ಮೈಯನ್ನೇ ಹೊಡೆಯುತ್ತೆ."

"ಎಲ್ಲಾದ್ರೂ ಮನೆಯವರೇ ಮನೆಯವರನ್ನ ಹೊಡೀತಾರಾ?"

ಸೊಸೆ ಸುಮ್ಮನೆ ಒಮ್ಮೆ ಕೆಮ್ಮಿದಳು.

ಚಿಕ್ಕತಾಯಮ್ಮ ಬಿಡಲಿಲ್ಲ. "ನೋಡಿ, ನನಗೂ ಬೆರಳು ಸೆಟೆದುಕೊಳ್ಳುತ್ತೆ, ಬಾಯಲ್ಲಿ ಹುಣ್ಣಾಗುತ್ತೆ, ಕೂದಲು ಹಿಡಿಹಿಡಿಯಾಗಿ ಉದುರುತ್ತೆ. ಬಿಸಿಲಿಗೆ ಹೋದ್ರೆ ಮೂಗಿನ ಆಚೆ ಈಚೆ ಉರಿಯೋ ಉರಿ. ಹಾಗಂತ ನಾನೇನು ಮಲಗಿಬಿಟ್ನಾ? ಅರಿಶಿನ ಬಳ್ಕೊಂಡು ಮನೆಮಂದಿಗೆಲ್ಲ ಮುದ್ದೆ ಕಟ್ತಿಲ್ವಾ?"

ಬರೆಯುತ್ತಿದ್ದ ಡಾಕ್ಟರ ಪೆನ್ನು ನಿಂತಿತು. "ಅಮ್ಮಾ, ಆ ಮೂಲೆಯಲ್ಲಿ ನಲ್ಲಿ ಇದೆ. ಸ್ವಲ್ಪ ಮುಖ ತೊಳ್ಕೊಂಡು ಬನ್ನಿ."

ಚಿಕ್ಕತಾಯಮ್ಮ ಗೊಣಗುತ್ತಲೇ ಹೋಗಿ, ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದರು. ಸೊಸೆಯ ಮುಖದಲ್ಲಿದ್ದಂಥದೇ ಕೆಂಪು ಕಲೆಯ ಚಿಟ್ಟೆಯೊಂದು ಅತ್ತೆಯ ಮೂಗಿನ ಮೇಲೆ ಕೂತು, ಎರಡೂ ಕೆನ್ನೆಗೆ ರೆಕ್ಕೆ ಚಾಚಿತ್ತು.

"ನಿಮ್ಮ ರಕ್ತಾನೂ ಒಂದ್ಸಲ ನೋಡಿಬಿಡೋಣ," ಎಂದರು ಡಾಕ್ಟರು.

ಸೊಸೆ ರೋಗಿಯ ಕುರ್ಚಿಯಿಂದ ಮೆಲ್ಲಗೆ ಎದ್ದು, ಅದನ್ನು ಅತ್ತೆಯ ಕಡೆಗೆ ತಳ್ಳಿದಳು.

"ಕೂತ್ಕೊಳ್ಳಿ ಅತ್ತೆ. ನಾಟಕದಲ್ಲಿ ನಿಮಗೂ ಪಾರ್ಟು ಇದೆ."